ಪ್ರೊಫೆಸರರ ಎದುರು ಒಂದು ಕೆಂಪು ಲೋಟ

ಲುಗೂಂಬಾ ಬೆಟ್ಟದ ಮೇಲಿನ ಮಂಜು ಇನ್ನೂ ಕರಗಿಲ್ಲ. ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಹಾಕಿದ ಬೀಗ ಹಾಕಿದ ಹಾಗೇ ಇದೆ. ಅದರ ಹಿಂದೆ, ತಗಡಿನ ಮಾಡಿನ ಅಡುಗೆಮನೆಯಲ್ಲಿ ಮಾತ್ರ ಆಗಲೇ ಅರ್ಧ ದಿನದ ಕೆಲಸ ಮುಗಿದಿದೆ. ತಿಯೋಪಿಸ್ತಾ ನಕಿಮೇರಾ ಚಾಪೆಯ ಮೇಲೆ ಕಾಲು ಮಡಚಿ ಕೂತು ಮಟೋಕೆ ಬಾಳೆಕಾಯಿಯ ಸಿಪ್ಪೆ ಹೆರೆಯುತ್ತಿದ್ದಾರೆ. ಒಂದು ಕಾಯಿಗೆ ನಾಲ್ಕೇ ಎಳೆತ, ಐದನೆಯದು ಬೇಕಾಗುವುದಿಲ್ಲ. ಹೆರೆದ ಕಾಯಿಗಳನ್ನು ಬಾಡಿಸಿದ ಬಾಳೆಎಲೆಯೊಳಗೆ ಪೇರಿಸಿ, ಅಂಚುಗಳನ್ನು ಒಳಕ್ಕೆ ಮಡಚಿ, ನಾರಿನಲ್ಲಿ ಬಿಗಿದು, ದೊಡ್ಡ ಹಂಡೆಯೊಳಗೆ ಬಾಳೆದಿಂಡಿನ ಹಾಸಿನ ಮೇಲೆ ಕೂರಿಸುತ್ತಾರೆ. ಕೆಳಗೆ ನೀರು, ಮೇಲೆ ಗಂಟು. ಮಧ್ಯಾಹ್ನದ ಹೊತ್ತಿಗೆ ಅದು ಹಳದಿ ಬೆಣ್ಣೆಯಂತಾಗಿ ನೆಲಗಡಲೆ ಸಾರಿನ ಜೊತೆ ಮೂವತ್ತು ಜನರ ತಟ್ಟೆಗೆ ಬೀಳಬೇಕು.

ಹಂಡೆ ಕೊತಕೊತ ಎನ್ನತೊಡಗಿದೆ. ಇಪ್ಪತ್ತು ವರ್ಷದಿಂದ ಜೊತೆಗೆ ಅಡುಗೆ ಮಾಡುತ್ತಿರುವ ಗೆಳತಿ ನಂತೇಜಾ ಒಲೆಗೆ ಇನ್ನೆರಡು ಸೌದೆ ತುರುಕುತ್ತಾರೆ. ತಿಯೋ ಕೂತಲ್ಲಿಂದಲೇ ಕೈಚಾಚಿ ಎರಡನ್ನೂ ಹೊರಕ್ಕೆ ಎಳೆಯುತ್ತಾರೆ.

"ಕುದಿ ಬಂದಾಯ್ತಲ್ಲೇ, ಇನ್ನೂ ಯಾಕೆ ತುರುಕ್ತೀಯ?"

"ಬೇಗ ಬೇಯ್ಲಿ ಅಂತ ಕಣೇ."

"ಬೇಗ ಬೇಯಲ್ಲ. ಬೇಗ ನೀರು ಬತ್ತುತ್ತೆ, ಅಷ್ಟೇ. ಇಪ್ಪತ್ತು ವರ್ಷದಿಂದ ಬಾಯಿ ಬಡ್ಕೊತಿದೀನಿ."

"ಇಪ್ಪತ್ತು ವರ್ಷದಿಂದ ನಾನೂ ತುರುಕ್ತಿದೀನಿ. ಯಾರಾದ್ರೂ ಹಸಿ ತಿಂದ್ರಾ ಹೇಳು ನೋಡೋಣ?"

ಇಬ್ಬರೂ ನಗುತ್ತಾರೆ. ಆದರೆ ತಿಯೋ ಅವರ ನಗು ಇವತ್ತು ಅರ್ಧಕ್ಕೇ ನಿಲ್ಲುತ್ತದೆ. ಎಂಟು ಗಂಟೆಗೆ ಅವರು ಕೈಕಾಲು ತೊಳೆದು, ಹೊಗೆ ಹಿಡಿದ ಲಂಗ ಬದಲಿಸಿ, ಭುಜ ಚೂಪಾಗಿ ಎದ್ದು ನಿಂತ ನೇರಳೆ ಬಣ್ಣದ ಗೋಮೆಸಿ ಉಟ್ಟು, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಒಂದು ಕೆಂಪು ಪ್ಲಾಸ್ಟಿಕ್ ಲೋಟ ಹಿಡಿದು ಸಭಾಂಗಣದೊಳಗೆ ಹೋಗಬೇಕು. ಅಲ್ಲಿ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇದೆ. ಆ ಕುರ್ಚಿ ಇನ್ನು ಮುಂದೆ ಇರುತ್ತದೋ ಇಲ್ಲವೋ ಎಂಬುದು ಈ ಮೂರು ದಿನದಲ್ಲಿ ತೀರ್ಮಾನವಾಗಲಿದೆ.

ಅಡುಗೆಯವರಿಗೆ ಪ್ರೊಫೆಸರುಗಳ ನಡುವೆ ಕುರ್ಚಿ ಏಕೆ ಎಂದು ಕೇಳಿದರೆ ಬೆಟ್ಟದ ಮೇಲಿನ ಯಾರು ಬೇಕಾದರೂ ಹೇಳುತ್ತಾರೆ. ವರ್ಷಕ್ಕೆ ಎರಡು ಸಲ ಇಲ್ಲಿ ಅಧ್ಯಾಪಕರಿಗೇ ಪಾಠ ನಡೆಯುತ್ತದೆ. ಪಿಎಚ್‌.ಡಿ. ಮಾಡಿದವರು, ದಪ್ಪ ದಪ್ಪ ಪುಸ್ತಕ ಬರೆದವರು, ಎಲ್ಲರೂ ಬಂದು ಪಾಠ ಹೇಳುವುದು ಹೇಗೆ ಎಂಬುದನ್ನು ಮೊದಲಿನಿಂದ ಕಲಿಯಬೇಕು. ಮೂರು ದಿನದ ಈ ಕಾರ್ಯಾಗಾರದಲ್ಲಿ ಒಬ್ಬೊಬ್ಬರೂ ತಮ್ಮ ವಿಷಯದಿಂದ ಹತ್ತು ನಿಮಿಷದ ಪಾಠ ಮಾಡಿ ತೋರಿಸುತ್ತಾರೆ. ಮಿಕ್ಕವರು ವಿದ್ಯಾರ್ಥಿಗಳಂತೆ ಕೂತು ಕೇಳುತ್ತಾರೆ. ತಿಯೋಪಿಸ್ತಾ ಕೂಡ ಕೇಳುತ್ತಾರೆ, ಮಡಿಲಲ್ಲಿ ಕೆಂಪು ಲೋಟ ಇಟ್ಟುಕೊಂಡು. ಪಾಠ ಕೈತಪ್ಪಿದ ಕ್ಷಣ ಲೋಟ ಮೇಲೇಳುತ್ತದೆ. ಪಾಠ ಹೇಳುತ್ತಿರುವವರು ಅಲ್ಲಿಗೇ ನಿಲ್ಲಿಸಬೇಕು. ಎಲ್ಲಿ ತಪ್ಪಿತು ಎಂದು ತಿಯೋ ಹೇಳುತ್ತಾರೆ.

ಇದು ಶುರುವಾದದ್ದೇ ಒಂದು ತಮಾಷೆಯಿಂದ. ಹನ್ನೊಂದು ವರ್ಷದ ಹಿಂದೆ ಒಬ್ಬ ಉಪನ್ಯಾಸಕರು ಪಾಠ ಮುಗಿಸಿ "ಅರ್ಥ ಆಯ್ತಾ?" ಎಂದರು. ಇಡೀ ಸಭಾಂಗಣ "ಆಯ್ತು ಸ್ಸೇಬೋ!" ಎಂದು ಒಂದೇ ಕಂಠದಲ್ಲಿ ಕೂಗಿತು. ಸ್ಸೇಬೋ ಎಂದರೆ ಸ್ವಾಮಿ; ದೊಡ್ಡವರು ಹಾಗೆ ಕೇಳಿದರೆ ನಮ್ಮ ಕಡೆ ಇನ್ನೇನು ತಾನೇ ಹೇಳುತ್ತಾರೆ? ಹಿಂದುಗಡೆ ಚಹಾದ ಲೋಟ ಒರೆಸುತ್ತಿದ್ದ ತಿಯೋ ಕಡೆ ತಿರುಗಿ ಅವರು, "ಏನಮ್ಮಾ, ನಿಮಗೂ ಆಯ್ತಾ?" ಎಂದು ಕಣ್ಣು ಮಿಟುಕಿಸಿದರು. ಕೈಯಲ್ಲಿದ್ದ ಕೆಂಪು ಲೋಟವನ್ನು ಎತ್ತಿ ಅಲ್ಲಾಡಿಸಿ ತಿಯೋ, "ಇಲ್ಲ ಸ್ಸೇಬೋ. 'ಸಮತೋಲ' ಅಂದ್ರಲ್ಲ, ಅಲ್ಲಿಂದ ಏನೂ ತಿಳೀಲಿಲ್ಲ" ಎಂದರು.

ಹೊಟ್ಟೆ ಹಿಡಿದುಕೊಂಡು ನಕ್ಕವರೇ ಎಲ್ಲ. ಒಬ್ಬರು ಮಾತ್ರ ನಗಲಿಲ್ಲ: ಕಾರ್ಯಾಗಾರ ನಡೆಸುತ್ತಿದ್ದ ಡಾ. ಪ್ರೊವಿಯಾ ಬಿರುಂಗಿ.

"ನನಗೆ ಮೈ ಜುಂ ಅಂತು," ಎಂದು ಬಿರುಂಗಿ ಇವತ್ತಿಗೂ ಅದೇ ಉತ್ಸಾಹದಲ್ಲಿ ಹೇಳುತ್ತಾರೆ. "ಯಾಕಂದ್ರೆ ನನಗೂ ಅಲ್ಲಿಂದಲೇ ತಿಳಿದಿರಲಿಲ್ಲ! ಇಪ್ಪತ್ತು ಜನ ಡಾಕ್ಟರುಗಳು ತಲೆ ಆಡಿಸ್ತಾ ಕೂತಿದ್ವಿ. ನಿಜ ಹೇಳೋ ಧೈರ್ಯ ಇದ್ದಿದ್ದು ಆ ಒಂದೇ ಲೋಟಕ್ಕೆ."

ಮರುದಿನವೇ ಮುಂದಿನ ಸಾಲಿನಲ್ಲಿ ಕುರ್ಚಿ ಬಂತು. ಆಮೇಲೆ ಯಾರೂ ಅದನ್ನು ತೆಗೆಯಲಿಲ್ಲ.

"ತಿಳೀಲಿಲ್ಲ" ಎಂಬ ಮಾತಿನ ಜೊತೆ ತಿಯೋ ಅವರಿಗೆ ಹಳೆಯ ಲೆಕ್ಕವೂ ಒಂದಿದೆ. ಚಿಕ್ಕಂದಿನಲ್ಲಿ ಊರಿನ ಶಾಲೆಯಲ್ಲಿ ಭಿನ್ನರಾಶಿಯ ಪಾಠದ ನಡುವೆ ಎದ್ದು ನಿಂತು ಅದೇ ಮಾತು ಹೇಳಿದ್ದಕ್ಕೆ ಅಂಗೈ ಮೇಲೆ ಎರಡು ಏಟು ಬಿದ್ದಿದ್ದವು. ಒಂದು ತಿಳಿಯದ್ದಕ್ಕೆ, ಇನ್ನೊಂದು ಹೇಳಿದ್ದಕ್ಕೆ. ಅಲ್ಲಿಂದ ಏಳನೇ ಕ್ಲಾಸು ಮುಗಿಸಿ ಶಾಲೆ ಬಿಡುವತನಕ ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಮದುವೆ, ಮೂರು ಮಕ್ಕಳು, ಗಂಡನ ಸಾವು, ಹೊಟ್ಟೆಪಾಡಿಗೆ ಬೆಟ್ಟದ ಮೇಲಿನ ಈ ಒಲೆ. ಮಕ್ಕಳೆಲ್ಲ ಈಗ ತಮ್ಮ ಕಾಲ ಮೇಲೆ ನಿಂತಿದ್ದಾರೆ, ದೊಡ್ಡವಳು ಮಸಾಕಾದಲ್ಲಿ ನರ್ಸು.

"ಆಗ ತಿಳೀಲಿಲ್ಲ ಅಂದಿದ್ದಕ್ಕೆ ಹೊಡೆದ್ರು," ಎನ್ನುತ್ತಾರೆ ತಿಯೋ, ಅಂಗೈ ಬಿಡಿಸಿ ತೋರಿಸುತ್ತ. "ಈಗ ಅದನ್ನೇ ಹೇಳು ಅಂತ ಕುರ್ಚಿ ಹಾಕಿ ಕೂರಿಸ್ತಾರೆ. ನಗು ಬರಲ್ವಾ ಹೇಳಿ?"

ಬಿರುಂಗಿಯವರ ದಪ್ಪ ನೋಟುಪುಸ್ತಕದಲ್ಲಿ ಎಲ್ಲವೂ ದಾಖಲಾಗಿದೆ. ಇಲ್ಲಿಯವರೆಗೆ ತಿಯೋ ಕೇಳಿದ ಪಾಠಗಳು ನಾನೂರ ಅರವತ್ತಮೂರು. ಲೋಟ ಎದ್ದದ್ದು ಮುನ್ನೂರ ಐವತ್ತರಲ್ಲಿ. ಎಲ್ಲರನ್ನೂ ಅವರು ಕರೆಯುವುದು "ಮೇಷ್ಟ್ರೇ" ಎಂದೇ. ಡೀನ್ ಆಗಲಿ, ನಿನ್ನೆ ಮೊನ್ನೆ ಸೇರಿದ ಉಪನ್ಯಾಸಕಿಯಾಗಲಿ, ಆ ಕುರ್ಚಿಯ ಮುಂದೆ ಎಲ್ಲರೂ ಮೇಷ್ಟ್ರೇ. ಲೋಟ ಏಳದಂತೆ ಪಾಠ ಮುಗಿಸಿದವರಿಗೆ ಅವತ್ತಿನ ಚಹಾದ ಜೊತೆ ಕೆಂಡದ ಮೇಲೆ ಸುಟ್ಟ ಗೊಂಜಾ ಬಾಳೆಹಣ್ಣಿನ ಎರಡನೇ ತುಂಡು ಸಿಗುತ್ತದೆ. ಉಳಿದವರಿಗೆ ಒಂದೇ. ಈ ಎರಡನೇ ತುಂಡಿಗಾಗಿ ಬೆಟ್ಟದ ಮೇಲೆ ನಡೆಯುವ ಪೈಪೋಟಿ ನೋಡಬೇಕು! ಕೈಗೆ ಸಿಕ್ಕ ತುಂಡನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಹೆಂಡತಿಗೆ ಕಳಿಸಿದ ಪ್ರೊಫೆಸರುಗಳಿದ್ದಾರೆ.

ಹೀಗಿರುವಾಗ ಕಳೆದ ಏಪ್ರಿಲ್‌ನಲ್ಲಿ ಒಂದು ತೊಡಕು ಬಂತು. ಅದು ಬಂದದ್ದು ತಿಯೋ ಅವರ ತಲೆಯೊಳಗಿಂದಲೇ.

"ಏನಾಯ್ತು ಗೊತ್ತಾ? ನಂಗೆ ಎಲ್ಲಾ ಅರ್ಥ ಆಗೋಕೆ ಶುರುವಾಯ್ತು!" ಎಂದು ತಲೆ ಮೇಲೆ ಕೈ ಹೊರುತ್ತಾರೆ. "ಹನ್ನೊಂದು ವರ್ಷ ಕೇಳಿ ಕೇಳಿ, ಬೇರು ನೀರು ಹೇಗೆ ಕುಡಿಯುತ್ತೆ, ಸರಾಸರಿ ಅಂದ್ರೆ ಏನು, ಗ್ರಹಣ ಯಾಕಾಗುತ್ತೆ, ಎಲ್ಲಾ ಬಾಯಿಪಾಠ ಆಗ್ಬಿಟ್ಟಿದೆ. ಮೇಷ್ಟ್ರು ಬಾಯಿ ತೆಗೆಯೋಕೆ ಮುಂಚೇನೇ ನಂಗೆ ಗೊತ್ತಾಗಿರುತ್ತೆ. ಲೋಟ ಎತ್ತೋದಾದ್ರೂ ಹೇಗೆ? ಒಂದಿನ ಕಿವಿಗೆ ಹತ್ತಿ ಇಟ್ಕೊಂಡು ಅಡುಗೆ ಮಾಡಿದೆ, ಒಳಗಿನ ಪಾಠ ಕೇಳಿಸ್ದೇ ಇರ್ಲಿ ಅಂತ. ಸಾರು ಉಕ್ಕಿದ್ದೂ ಕೇಳಿಸಲಿಲ್ಲ!"

ಏಪ್ರಿಲ್‌ನಲ್ಲಿ ಎರಡು ಪಾಠಗಳು ಅಡ್ಡಾದಿಡ್ಡಿಯಾಗಿದ್ದರೂ ಲೋಟ ಏಳಲಿಲ್ಲ. ಅದನ್ನು ಗಮನಿಸಿದವರು ಭೌತಶಾಸ್ತ್ರದ ಪ್ರೊ. ಎರಾಸ್ತೋ ಲುಟಾಯಾ. ಇಪ್ಪತ್ತಾರು ವರ್ಷದ ಅನುಭವ, ಬೋಧನಾ ಸಮಿತಿಯ ಅಧ್ಯಕ್ಷತೆ, ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಶಿಸ್ತು. ಕಾರ್ಯಾಗಾರದಲ್ಲಿ ತಾವು ಪಾಠ ಮಾಡುವುದನ್ನು ಮಾತ್ರ ಅವರು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಲೇ ಬಂದಿದ್ದರು. ಸಮಿತಿಯಿಂದ ಬಿರುಂಗಿಯವರಿಗೆ ಕಾಗದ ಬಂತು: ಈ ಕೇಳುಗರು ಎಲ್ಲವನ್ನೂ ಕೇಳಿದವರು, ಅವರ ಲೋಟವನ್ನು ಇನ್ನು ನೆಚ್ಚುವಂತಿಲ್ಲ, ಕುರ್ಚಿಯನ್ನು ತೆಗೆಯುವುದು ಒಳ್ಳೆಯದು. ಬಿರುಂಗಿ ಬಿಡುವವರಲ್ಲ. "ಈ ಸಲ ನೀವೇ ಬಂದು ಒಂದು ಪಾಠ ಮಾಡಿ, ಆಮೇಲೆ ತೀರ್ಮಾನ ಮಾಡಿ" ಎಂದು ಮರುಟಪಾಲಿಗೇ ಉತ್ತರ ಬರೆದರು. ಲುಟಾಯಾ ಒಪ್ಪಿದರು.

ಕುರ್ಚಿ ಹೋದರೆ ತಿಯೋ ಅವರ ಕೆಲಸಕ್ಕೇನೂ ಕುತ್ತಿಲ್ಲ. ಒಲೆ ಅವರದೇ, ಹಂಡೆ ಅವರದೇ. ಆದರೂ ಕಾಗದದ ಸುದ್ದಿ ಕೇಳಿದ ದಿನ ಅವರು ಊಟ ಮಾಡಲಿಲ್ಲವಂತೆ.

"ಅಡುಗೆ ಮಾಡೋಕೆ ನಾನಲ್ದೇ ಇದ್ರೆ ಇನ್ನೊಬ್ರು ಬರ್ತಾರೆ. ಅಲ್ಲಿ ಕೂತ್ಕೊಂಡಾಗ ಮಾತ್ರ ನಾನು ಹೇಳಿದ್ದನ್ನ ದೊಡ್ಡ ದೊಡ್ಡೋರು ಬರ್ಕೋತಾರೆ. ಅದು ಹೋಗ್ಬಾರ್ದು ಅಂತ ಆಸೆ. ಸುಳ್ಯಾಕೆ ಹೇಳ್ಲಿ?"

ನಂತೇಜಾ ಸುಲಭದ ದಾರಿ ತೋರಿಸಿದ್ದುಂಟು. "ಎಲ್ಲಾ ಪಾಠಕ್ಕೂ ಲೋಟ ಎತ್ತಿಬಿಡೇ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ" ಎಂದರು ತಿಯೋ. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲ ದಿನ ಬೆಳಿಗ್ಗೆ ಚಹಾದ ಹೊತ್ತು. ಶುಂಠಿ ಹಾಕಿದ ಹಾಲಿನ ಚಹಾ, ಅದರ ಜೊತೆಗೆ ಹುರಿದ ಮರಗೆಣಸು. ತಿಯೋ ತಟ್ಟೆ ಹಿಡಿದು ಲುಟಾಯಾ ಅವರ ಮುಂದೆ ಮಂಡಿಯೂರುತ್ತಾರೆ. ಹಿರಿಯರಿಗೆ ಕೊಡುವುದು ಹಾಗೆಯೇ.

"ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಸ್ಸೇಬೋ?"

"ಬಂತು ನ್ಯಾಬೋ. ನಿಮಗೆ? ಮನೆಯಲ್ಲೆಲ್ಲ ಹೇಗಿದಾರೆ?"

"ಚೆನ್ನಾಗಿದಾರೆ. ನಿಮ್ಮ ಮನೇಲಿ?"

ಹೀಗೆ ಸ್ವಾಮೀ, ತಾಯೀ ಎನ್ನುತ್ತ ಮೂರು ಸುತ್ತು ಕುಶಲ ವಿಚಾರಿಸಿಕೊಂಡ ಮೇಲೆ ಎದ್ದು ಬಂದ ತಿಯೋ, ಬಾಗಿಲ ಮರೆಯಲ್ಲಿ ನಂತೇಜಾ ಕೈ ಹಿಡಿದುಕೊಳ್ಳುತ್ತಾರೆ. ಫಲಕದ ಮೇಲೆ ಲುಟಾಯಾ ಅವರ ಪಾಠದ ಹೆಸರು ಬರೆದಿದೆ: ಗುಪ್ತ ಉಷ್ಣ. ತಿಯೋ ಈ ಪಾಠವನ್ನು ಒಂಬತ್ತು ಸಲ ಕೇಳಿದ್ದಾರೆ. ಲೋಟ ಎತ್ತದಿದ್ದರೆ, ನೋಡಿ, ಎಲ್ಲ ಗೊತ್ತಿರುವವರು ಎಂಬ ಸಮಿತಿಯ ದೂರು ನಿಜವಾಗುತ್ತದೆ. ಎತ್ತಿದರೆ ಬೇಕೆಂದೇ ಎತ್ತಿದರು ಎನ್ನುತ್ತಾರೆ. ಅತ್ತ ದರಿ ಇತ್ತ ಪುಲಿ.

"ಏನ್ಮಾಡ್ತೀಯೇ?" ಎಂದು ನಂತೇಜಾ ಪಿಸುಗುಟ್ಟುತ್ತಾರೆ.

"ಕೇಳ್ತೀನಿ. ಏನನ್ನಿಸುತ್ತೋ ಅದು."

ಲುಟಾಯಾ ಎದ್ದು ನಿಂತರೆ ಸಭಾಂಗಣವೇ ಎದ್ದು ಕೂತಂತೆ. ಎತ್ತರದ ಆಳು, ಗಂಟೆಯಂಥ ಕಂಠ. ನಮ್ಮ ಶಾಲೆಗಳಲ್ಲಿ ಮೇಷ್ಟ್ರುಗಳೆಲ್ಲ ಹೇಗೆ ಪಾಠ ಹೇಳುತ್ತಾರೋ ಹಾಗೇ ಅವರದೂ: ಮಾತನ್ನು ಅರ್ಧಕ್ಕೆ ಬಿಡುವುದು, ಮಿಕ್ಕ ಅರ್ಧವನ್ನು ತರಗತಿಯೇ ಕೂಗಿ ಮುಗಿಸುವುದು.

"ನೀರು ಕುದಿಯುವ ಮಟ್ಟಕ್ಕೆ ಬಂತು. ಈಗ ಇನ್ನಷ್ಟು ಶಾಖ ಕೊಟ್ಟೆ. ಉಷ್ಣಾಂಶ ಏರುತ್ತಾ? ಏರುವುದಿ..."

"...ಲ್ಲ!" ಎಂದು ಇಪ್ಪತ್ತೆರಡು ಅಧ್ಯಾಪಕರು ಕೂಗುತ್ತಾರೆ.

"ಹಾಗಾದರೆ ಶಾಖ ಎಲ್ಲಿಗೆ ಹೋಯ್ತು? ನೀರನ್ನು ಆವಿ ಮಾ..."

"...ಡೋದಕ್ಕೆ!"

"ಇದರ ಹೆಸರು ಗುಪ್ತ..."

"...ಉಷ್ಣ!"

ಎಂಥ ಹುರುಪು! ಕಿಟಕಿಯ ಗಾಜು ಅದುರುತ್ತದೆ. ಹಾಡಿನ ಹಾಗೆ ಸಾಗಿದ ಪಾಠ ಹತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲುತ್ತದೆ. "ಅರ್ಥ ಆಯ್ತಾ?" ಎಂದು ಲುಟಾಯಾ ಕೇಳುತ್ತಾರೆ. "ಆಯ್ತು ಸ್ಸೇಬೋ!" ಎಂಬ ಉತ್ತರ ಮಾಡಿಗೆ ತಾಗುತ್ತದೆ. ಪ್ರೊಫೆಸರರು ಮುಗುಳ್ನಗುತ್ತ ಮುಂದಿನ ಸಾಲಿನ ಕಡೆ ನೋಡುತ್ತಾರೆ.

ಕೆಂಪು ಲೋಟ ಮೇಲೆದ್ದಿದೆ.

ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿದೆ. ಲುಟಾಯಾ ಕನ್ನಡಕ ತೆಗೆಯುತ್ತಾರೆ.

"ತಿಯೋಪಿಸ್ತಾ ಅವರೇ, ಡಾ. ಬಿರುಂಗಿಯವರ ಪುಸ್ತಕ ನಾನೇ ತಿರುವಿ ಹಾಕಿದೀನಿ. ಈ ಪಾಠ ನೀವು ಒಂಬತ್ತು ಸಲ ಕೇಳಿದೀರಿ. ಹತ್ತನೇ ಸಲಕ್ಕೂ ತಿಳೀಲಿಲ್ಲ ಅಂತೀರಾ?"

"ತಿಳಿದಿದೆ ಮೇಷ್ಟ್ರೇ. ಚೆನ್ನಾಗೇ ತಿಳಿದಿದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಬಿರುಂಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಮತ್ತೆ ಲೋಟ ಯಾಕೆ?"

"ನಂಗೆ ತಿಳಿದಿರೋದು ಹಿಂದೆ ಕೇಳಿದ್ರಿಂದ. ಇವತ್ತು ನೀವು ಹೇಳಿದ್ರಿಂದ ಏನೂ ಬರ್ಲಿಲ್ಲ."

"ಅದು ಹೇಗಮ್ಮಾ ಬೇರೆ ಮಾಡ್ತೀರಿ? ಗೊತ್ತಿದ್ದ ಮೇಲೆ ಗೊತ್ತಿದ್ದ ಹಾಗೇ!"

ತಿಯೋ ಲೋಟವನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಲ್ಲುತ್ತಾರೆ. ಚಿಕ್ಕಂದಿನಲ್ಲಿ ಭಿನ್ನರಾಶಿಯ ದಿನ ನಿಂತ ಹಾಗೆಯೇ, ಅಂಗೈಗಳನ್ನು ಒಂದರೊಳಗೊಂದು ಅಡಗಿಸಿಕೊಂಡು.

"ಸ್ಸೇಬೋ, ಸಾರಿಗೆ ಉಪ್ಪು ಸರಿಯಾಗಿದ್ಯಾ ಅಂತ ನಾನು ದಿನಾ ನಾಲಿಗೆಗೆ ಹಚ್ಚಿ ನೋಡ್ತೀನಿ. ಹೊಟ್ಟೆ ತುಂಬ ಉಂಡಿದ್ರೂ ನೋಡ್ತೀನಿ. ಕಡಿಮೆ ಇದ್ರೆ ಕಡಿಮೆ ಅಂತೀನಿ. ಉಪ್ಪು ನೋಡೋಕೆ ನಾನು ಹಸಿದಿರ್ಬೇಕಾ?"

ಯಾರೋ ಮೇಜು ಕುಟ್ಟುತ್ತಾರೆ, ಇನ್ಯಾರೋ ಶಿಳ್ಳೆ ಹಾಕುತ್ತಾರೆ. ಲುಟಾಯಾ ಕೈ ಎತ್ತಿ ಸದ್ದು ಅಡಗಿಸುತ್ತಾರೆ. ಸೋಲೊಪ್ಪುವ ಮುಖವಲ್ಲ ಅದು. "ಸರಿ, ಮಾತು ಚೆನ್ನಾಗಿದೆ. ಉಪ್ಪು ಕಡಿಮೆ ಅನ್ನೋದಕ್ಕೆ ಗುರುತೇನು? ಇವರಿಗೆಲ್ಲ ಅರ್ಥ ಆಗಿದೆಯಲ್ಲ!"

"ಕೇಳಿ ನೋಡ್ಲಾ?"

"ಕೇಳಿ."

ತಿಯೋ ಸಭೆಯ ಕಡೆ ತಿರುಗುತ್ತಾರೆ. "ಮೇಷ್ಟ್ರುಗಳೇ, ಎಲ್ಲಾರೂ ಚೆನ್ನಾಗಿ ಹಾಡಿದ್ರಿ. ಈಗ ಹೇಳಿ. ನನ್ನ ಹಂಡೆ ಕೊತಕೊತ ಕುದೀತಿದೆ. ಊಟ ಬೇಗ ಆಗ್ಲಿ ಅಂತ ನಂತೇಜಾ ಇನ್ನೆರಡು ಸೌದೆ ತುರುಕ್ತಾಳೆ. ಮಟೋಕೆ ಬೇಗ ಬೇಯುತ್ತಾ?"

ಕಾನೂನು ವಿಭಾಗದ ಕಿವುಂಬಿ ಮೊದಲು ಬಾಯಿ ತೆಗೆಯುತ್ತಾರೆ. "ಬೇಯಲೇಬೇಕಲ್ಲ! ಬೆಂಕಿ ಜಾಸ್ತಿ ಆದ ಮೇಲೆ ಬೇಗ ಬೇಯದೆ ಇನ್ನೇನು?"

"ಬೇಗ ಬೇಯುತ್ತೆ ಅನ್ನೋರು ಕೈ ಎತ್ತಿ ನೋಡೋಣ" ಎನ್ನುತ್ತಾರೆ ತಿಯೋ. ಒಂದು, ಎರಡು, ಐದು, ಒಂಬತ್ತು. ಇಪ್ಪತ್ತೆರಡರಲ್ಲಿ ಹದಿನಾಲ್ಕು ಕೈಗಳು ಮೇಲಿವೆ. ಕಿಟಕಿಯಾಚೆ, ಸೌಟು ಹಿಡಿದ ನಂತೇಜಾರ ಕೈಯೂ ಮೇಲಿದೆ.

ಲುಟಾಯಾ ಆ ಕೈಗಳನ್ನು ಒಂದೊಂದಾಗಿ ನೋಡುತ್ತಾರೆ. ಬೋರ್ಡಿನ ಮೇಲೆ ತಾವೇ ಬರೆದದ್ದನ್ನು ನೋಡುತ್ತಾರೆ. "ಕುದಿ ಬಂದ ಮೇಲೆ ಉಷ್ಣಾಂಶ ಏರೋದಿಲ್ಲ ಅಂತ ಈಗ ತಾನೇ ಹೇಳಿದೆನಲ್ಲಯ್ಯ," ಎನ್ನುವಾಗ ಆ ಗಂಟೆಯಂಥ ಕಂಠ ಬಿರುಕು ಬಿಟ್ಟಿದೆ. "ನೀವೇ ಅದನ್ನ ಕೂಗಿದಿರಲ್ಲ."

"ಕೂಗಿದ್ರು ಮೇಷ್ಟ್ರೇ," ಎಂದು ತಿಯೋ ಮೆಲ್ಲಗೆ ಹೇಳುತ್ತಾರೆ. "ಅರ್ಧ ಮಾತು ನಿಮ್ದು, ಅರ್ಧ ಮಾತು ಅವ್ರದ್ದು. ಯೋಚನೆ ಮಾಡೋಕೆ ಮಧ್ಯದಲ್ಲಿ ಪುರುಸೊತ್ತೇ ಇರ್ಲಿಲ್ಲ."

ಪ್ರೊಫೆಸರರು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. "ಇಪ್ಪತ್ತಾರು ವರ್ಷ" ಎನ್ನುತ್ತಾರೆ, ಯಾರನ್ನೂ ನೋಡದೆ. ಅವರಿಗೆ ಅವಮಾನವಾಯಿತೇನೋ ಎಂದು ತಿಯೋ ಎರಡು ಹೆಜ್ಜೆ ಮುಂದೆ ಬರುತ್ತಾರೆ. ಅಷ್ಟರಲ್ಲಿ ಲುಟಾಯಾ ತಲೆ ಎತ್ತುತ್ತಾರೆ.

"ಬಿರುಂಗಿಯವರೇ, ನಾಳೆ ನನಗೆ ಇನ್ನೊಂದು ಹತ್ತು ನಿಮಿಷ ಕೊಡಿ. ತಿಯೋಪಿಸ್ತಾ ಅವರೇ, ನಿಮ್ಮ ಹಂಡೆ ಕೊಡ್ತೀರಾ?"

ಎರಡನೇ ದಿನದ ಪಾಠಕ್ಕೆ ಸಭಾಂಗಣ ಸಾಲುವುದಿಲ್ಲ. ಎಲ್ಲರೂ ಅಡುಗೆಮನೆಯ ಸುತ್ತ ಸೇರಿದ್ದಾರೆ, ಗ್ರಂಥಾಲಯದವರು, ತೋಟದವರು ಕೂಡ. ಸೂಟಿನ ತೋಳು ಮಡಚಿದ ಲುಟಾಯಾ ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಉಷ್ಣಮಾಪಕ ಇಳಿಬಿಡುತ್ತಾರೆ. ಒಂದೂ ಮಾತನ್ನು ಅರ್ಧಕ್ಕೆ ಬಿಡುವುದಿಲ್ಲ. ಬಿಡಬೇಕೆಂದು ಬಾಯಿ ತೆರೆದು, ನೆನಪಾಗಿ, ಗಪ್ಪನೆ ಮುಚ್ಚಿಕೊಳ್ಳುತ್ತಾರೆ. ಸೌದೆ ತುರುಕುವ ಕೆಲಸ ಕಿವುಂಬಿಯವರದು, ಉಷ್ಣಾಂಶ ಓದಿ ಹೇಳುವ ಕೆಲಸ ನಂತೇಜಾರದು.

"ಎಷ್ಟಿದೆ?"

"ಮೊದಲಿದ್ದಷ್ಟೇ ಇದೆ."

"ಇನ್ನೊಂದು ಸೌದೆ ಹಾಕಿ. ಈಗ?"

"ಅಷ್ಟೇ ಇದೆ ಸ್ಸೇಬೋ! ಕೂದಲೆಳೆಯಷ್ಟೂ ಏರ್ಲಿಲ್ಲ!"

"ಮತ್ತೆ ಆ ಸೌದೆಯೆಲ್ಲ ಏನಾಯ್ತು? ಅವಸರ ಇಲ್ಲ. ಯೋಚನೆ ಮಾಡಿ ಹೇಳಿ." ಇಷ್ಟು ಹೇಳಿ ಪ್ರೊಫೆಸರರು ಸುಮ್ಮನೆ ಕೂರುತ್ತಾರೆ. ಆ ಮೌನ ಅವರಿಗೆ ಎಷ್ಟು ಕಷ್ಟ ಎಂಬುದು ಹಣೆಯ ಬೆವರಿನಲ್ಲೇ ಕಾಣುತ್ತದೆ. ಕೊನೆಗೆ ಕಿವುಂಬಿ ಹಂಡೆಯ ಬಾಯಿಂದ ಭುಸುಗುಡುವ ಆವಿಯನ್ನು ನೋಡುತ್ತಾ, "ಅಯ್ಯೋ, ಎಲ್ಲಾ ಅದಕ್ಕೇ ಹೋಯ್ತು!" ಎಂದು ಕೂಗುತ್ತಾರೆ. ನಂತೇಜಾ ತಿಯೋ ಕಡೆ ತಿರುಗಿ ಸೊಂಟದ ಮೇಲೆ ಕೈ ಇಡುತ್ತಾರೆ. "ಇದನ್ನೇನೇ ನೀನು ಇಪ್ಪತ್ತು ವರ್ಷದಿಂದ ಹೇಳ್ತಿದ್ದಿದ್ದು? ಹೀಗೆ ತೋರಿಸಿದ್ರೆ ಅವತ್ತೇ ಒಪ್ತಿದ್ದೆನಲ್ಲ!" ಎಂದವರೇ ಬಗ್ಗಿ, ತಾವಾಗಿ, ಎರಡು ಸೌದೆ ಹೊರಗೆಳೆಯುತ್ತಾರೆ.

ತಿಯೋ ಅವರ ಲೋಟ ಹತ್ತು ನಿಮಿಷವೂ ಮಡಿಲು ಬಿಟ್ಟು ಏಳಲಿಲ್ಲ. ಅವತ್ತು ಚಹಾದ ಜೊತೆ ಗೊಂಜಾದ ಎರಡನೇ ತುಂಡು ಸಿಕ್ಕಾಗ ಲುಟಾಯಾ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಡುತ್ತಾರೆ. "ಮನೆಗೆ ತೊಗೊಂಡು ಹೋಗಿ ತೋರಿಸ್ಬೇಕು. ಇಲ್ಲಾಂದ್ರೆ ನಂಬಲ್ಲ."

ಸಮಿತಿಯ ಕಾಗದ ಅವತ್ತು ಸಂಜೆಗೇ ವಾಪಸಾಯಿತು. ಹೊಸ ಕಾಗದವನ್ನು ಲುಟಾಯಾ ಕೈಯಾರೆ ಬರೆದುಕೊಟ್ಟಿದ್ದಾರೆ. ಕುರ್ಚಿ ಇದ್ದಲ್ಲೇ ಇರಬೇಕು, ಅದರಲ್ಲಿ ಕೂರುವವರು ತಿಯೋಪಿಸ್ತಾ ನಕಿಮೇರಾ ಅವರೇ ಆಗಿರಬೇಕು, ಸಮಿತಿಯ ಎಲ್ಲ ಸದಸ್ಯರೂ ವರ್ಷಕ್ಕೊಮ್ಮೆ ಆ ಲೋಟದ ಮುಂದೆ ನಿಲ್ಲಬೇಕು ಎಂದಿದೆ ಅದರಲ್ಲಿ. ಬಿರುಂಗಿ ಅದನ್ನು ಓದಿ ಹೇಳುವಾಗ ತಿಯೋ ಸೊಂಟದ ಪಟ್ಟಿಯ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ನಂತೇಜಾ ಈಗಾಗಲೇ ಬೆಟ್ಟಕ್ಕೆಲ್ಲ ಸಾರಿದ್ದಾರೆ. "ಹೊಗೆ ಕಣೇ, ಹೊಗೆ" ಎಂದು ತಿಯೋ ಸಾಧಿಸುತ್ತಾರೆ.

"ನಿಮಗೇನು ಬೇಕು ಹೇಳಿ" ಎಂದು ಬಿರುಂಗಿ ಅವತ್ತೇ ಕೇಳಿದ್ದರು. ತಿಯೋ ಲೋಟವನ್ನು ತಿರುಗಿಸುತ್ತಾ, ನಾಚಿಕೊಂಡೇ ಹೇಳಿದರು: "ನಂಗೂ ಒಂದ್ಸಲ ಹತ್ತು ನಿಮಿಷ ಕೊಡ್ತೀರಾ? ಎಲ್ರದ್ದೂ ಕೇಳಿದೀನಿ. ಆ ಕಡೆ ನಿಂತ್ರೆ ಹೇಗಿರುತ್ತೆ ನೋಡ್ಬೇಕು."

ಹಾಗಾಗಿ ಮೂರನೇ ದಿನದ ಕೊನೆಯ ಪಾಠ ಅವರದು. ವಿಷಯ, ಮಟೋಕೆಯ ಗಂಟು ಕಟ್ಟುವುದು. ಮುಂದಿನ ಸಾಲಿನ ಆ ಕುರ್ಚಿಯಲ್ಲಿ ಈಗ ಲುಟಾಯಾ ಕೂತಿದ್ದಾರೆ, ಮಂಡಿಯ ಮೇಲೆ ಕೆಂಪು ಲೋಟ. ತಿಯೋ ಬಾಳೆಎಲೆ ಹಿಡಿದು ನಿಂತಿದ್ದಾರೆ. ಮೊದಲ ಎರಡು ಮಾತನ್ನು ಎಲೆಯನ್ನು ನೋಡುತ್ತಲೇ ಹೇಳುತ್ತಾರೆ. ಮೂರನೆಯದರಿಂದ ನಾಲಿಗೆ ಬಿಡಿಸಿಕೊಳ್ಳುತ್ತದೆ, ಕೈ ಓಡುತ್ತದೆ, ಮುಖ ಅರಳುತ್ತದೆ.

"ಎಲೆಯ ಬೆನ್ನು ಹೊರಗಡೆ ಇರ್ಬೇಕು. ಕಾಯಿ ಜೋಡಿಸಿದ್ಮೇಲೆ ಅಂಚನ್ನ ಒಳಗೆ ಮಡ..."

"...ಚಬೇಕು!" ಎಂದು ಸಭಾಂಗಣ ಒಂದೇ ಕಂಠದಲ್ಲಿ ಕೂಗುತ್ತದೆ.

"ನಾರಿನಲ್ಲಿ ಬಿಗಿ..."

"...ಯಬೇಕು!"

"ಅರ್ಥ ಆಯ್ತಾ?"

"ಆಯ್ತು ನ್ಯಾಬೋ!"

ಮುಂದಿನ ಸಾಲಿನಲ್ಲಿ ಕೆಂಪು ಲೋಟ ಮೆಲ್ಲಗೆ ಮೇಲೇಳುತ್ತದೆ.

ತಿಯೋ ಅದನ್ನು ನೋಡುತ್ತಾರೆ, ಎಲೆ ಕೈಜಾರುತ್ತದೆ, ಎರಡೂ ಕೈ ಬಾಯಿಯ ಮೇಲೆ ಹೋಗುತ್ತವೆ. "ಅಯ್ಯಯ್ಯೋ! ನಾನೂ ಅದನ್ನೇ ಮಾಡಿದ್ನಾ?"

"ಅದನ್ನೇ ಮಾಡಿದ್ರಿ ಮೇಷ್ಟ್ರೇ" ಎನ್ನುತ್ತಾರೆ ಲುಟಾಯಾ. ಹನ್ನೊಂದು ವರ್ಷದಲ್ಲಿ ಆ ಸಭಾಂಗಣ ಅಷ್ಟು ನಕ್ಕಿರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ತಿಯೋ. ನಕ್ಕು ಸುಧಾರಿಸಿಕೊಂಡು, ಕಣ್ಣೊರೆಸಿಕೊಂಡು, ಮೊದಲಿನಿಂದ ಶುರು ಮಾಡುತ್ತಾರೆ. ಈ ಸಲ ಒಬ್ಬೊಬ್ಬರ ಕೈಗೂ ಒಂದೊಂದು ಎಲೆ, ನಾಲ್ಕು ಕಾಯಿ, ಒಂದು ನಾರು. ತಾವು ಬಾಯಿ ಮುಚ್ಚಿಕೊಂಡು ಮೇಜಿನಿಂದ ಮೇಜಿಗೆ ನಡೆಯುತ್ತಾರೆ. ಗಂಟು ಕಟ್ಟಿದವರು ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಬೇಕು. ಕಿವುಂಬಿಯವರ ಕಾಯಿಗಳು ನೆಲಕ್ಕೆ ಉರುಳುತ್ತವೆ. "ಎಲ್ಲಿ ಸಡಿಲ ಆಯ್ತು, ನೀವೇ ನೋಡಿ" ಎಂದಷ್ಟೇ ಹೇಳಿ ತಿಯೋ ಮುಂದೆ ಹೋಗುತ್ತಾರೆ. ಲುಟಾಯಾ ಅವರ ಗಂಟು ಎರಡು ಸಲ ಬಿಚ್ಚಿಕೊಂಡು ಮೂರನೇ ಸಲಕ್ಕೆ ನಿಲ್ಲುತ್ತದೆ. ಹತ್ತು ನಿಮಿಷ ಮುಗಿದು ಇಪ್ಪತ್ತಾಗಿದೆ, ಯಾರೂ ಗಡಿಯಾರ ನೋಡುತ್ತಿಲ್ಲ. ಲೋಟ ಕುರ್ಚಿಯ ಕೆಳಗೆ ಬಿದ್ದಿದೆ.

ಚಹಾದ ಹೊತ್ತಿಗೆ ಪ್ರೊ. ಲುಟಾಯಾ ಅಡುಗೆಮನೆಗೆ ತಾವೇ ಹೋಗಿ ತಟ್ಟೆ ತರುತ್ತಾರೆ. ತಟ್ಟೆಯಲ್ಲಿ ಸುಟ್ಟ ಗೊಂಜಾದ ಎರಡು ತುಂಡು. ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ತಿಯೋಪಿಸ್ತಾ ಅವರ ಮುಂದೆ ಚಾಚುತ್ತಾರೆ. ಸಭಾಂಗಣ ಎದ್ದು ನಿಲ್ಲುತ್ತದೆ.

ಹನ್ನೊಂದು ವರ್ಷದಲ್ಲಿ ನೂರಕ್ಕೂ ಹೆಚ್ಚು ಸಲ ಬೇರೆಯವರಿಗೆ ಕೊಟ್ಟ ಆ ಎರಡನೇ ತುಂಡನ್ನು ತಿಯೋ ತಮ್ಮ ಬಾಯಿಗೆ ಇಟ್ಟುಕೊಳ್ಳುವುದು ಇದೇ ಮೊದಲು. ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಾರೆ. ಎಲ್ಲರೂ ಕಾಯುತ್ತಿದ್ದಾರೆ.

"ಚೆನ್ನಾಗಿದೆ," ಎನ್ನುತ್ತಾರೆ ಕೊನೆಗೆ. "ಒಂದು ಕಡೆ ಸ್ವಲ್ಪ ಸೀದಿದೆ."